ಕೊಳಚೆ ಉಕ್ಕಿದಾಗ ಸುದ್ದಿ ಯಾರಿಗೆ?

(ಕೋಲಾರದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನ ಕೊಳಚೆಯ ಮಾತು ಕೋಲಾರದ ಸಭೆಯಲ್ಲೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಹುಡುಗರು ಬೆಳಗಿನ ಜಾವ ಬಂಗಾರಪೇಟೆಯಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿಗೆ ದುಡಿಯಲು ಹೋಗುತ್ತಾರೆ. ಆ ನಗರ ಬಳಸಿ ಬಿಟ್ಟ ನೀರು ಶುದ್ಧೀಕರಣ ಸ್ಥಾವರಗಳನ್ನು ಹಾದು, ಕೊಳವೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ ಎಂದು ಅದರ ಹೆಸರು. ದಿನಕ್ಕೆ 44 ಕೋಟಿ ಲೀಟರು ನೀರು, 126 ಕೆರೆಗಳು ಎಂಬುದು ಯೋಜನೆ ಹಾಕಿದವರ ಲೆಕ್ಕ.

ಬರಗಾಲ ಉಂಡು ಬೆಳೆದ ಸೀಮೆ ನಮ್ಮದು. ಬಂದ ನೀರನ್ನು ಬೇಡವೆನ್ನುವಷ್ಟು ಶ್ರೀಮಂತರು ನಾವಲ್ಲ. ಆದರೆ 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆ ಬಂತು. ಜನ ಕೂಗೆಬ್ಬಿಸಿದರು, ಹೈಕೋರ್ಟು ನೀರನ್ನು ತಡೆಯಿತು, ಬಳಿಕ ಮತ್ತೆ ಬಿಟ್ಟರು. ಆ ವ್ಯಾಜ್ಯವನ್ನು ಇಂದು ನಾವು ಕೆದಕುವುದಿಲ್ಲ. ಮೇಲಿನ ಸ್ಥಾವರ ಕೆಟ್ಟರೆ ಕೆಳಗಿನ ಹಳ್ಳಿಗೆ ಸುದ್ದಿ ಕೊಡುವವರು ಯಾರು ಎಂಬುದಷ್ಟೇ ನಮ್ಮ ಪ್ರಶ್ನೆ. ನೊರೆಯೇ ಬಂದು ಹೇಳಬೇಕೆ?

ಕೊಳಚೆ ಉಕ್ಕುವುದು ವಿಧಿಯ ಆಟವೇನೂ ಅಲ್ಲ. ಕರೆಂಟು ಹೋಗಿ ಪಂಪು ನಿಲ್ಲುತ್ತದೆ. ಮೋರಿಗೆ ಕಸ ಕಟ್ಟುತ್ತದೆ. ಮಳೆನೀರಿನ ರಾಜಕಾಲುವೆಗೆ ಯಾರೋ ಕಕ್ಕಸಿನ ಕೊಳವೆ ತಿರುಗಿಸಿರುತ್ತಾರೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಹೀಗೆಯೇ ಹಾಳಾಯಿತು. 2015ರ ಮೇ ತಿಂಗಳಲ್ಲಿ ಅದರ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ, 2018ರ ಜನವರಿಯಲ್ಲಿ ಕೆರೆಯಲ್ಲಿ ಮತ್ತೆ ಬೆಂಕಿ. ಕೆಳಗಿನ ವರ್ತೂರು ಕೆರೆಯ ನೊರೆ ಗಾಳಿಗೆ ಹಾರಿ ವೈಟ್‌ಫೀಲ್ಡ್ ಕಡೆಯ ರಸ್ತೆಯಲ್ಲಿ ಹೋಗುವವರ ಮುಖಕ್ಕೆ ಬಡಿಯಿತು. ನೀರಿಗೆ ಬೆಂಕಿ ಬಿದ್ದ ಸುದ್ದಿ ಲಂಡನ್ನಿನ ಪತ್ರಿಕೆಗಳಿಗೂ ಮುಟ್ಟಿತು. ಅದಕ್ಕೂ ಮೊದಲು, ವರ್ಷಗಟ್ಟಲೆ ಹಸಿ ಕೊಳಚೆ ಬೀಳುತ್ತಿದ್ದಾಗ ಅದು ಸುದ್ದಿಯೇ ಆಗಿರಲಿಲ್ಲ! ಇನ್ನೂ ಒಂದು ಮಾತು. ನೊರೆ ಕಾಣಲಿಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ. ಪೀಣ್ಯದಲ್ಲಿ ಲೋಹಕ್ಕೆ ಬಣ್ಣ ಏರಿಸುವ ಸಣ್ಣ ಕಾರ್ಖಾನೆಗಳ ಸುತ್ತ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿದೆ. ಅದಕ್ಕೆ ನೊರೆಯೂ ಇಲ್ಲ, ನಾತವೂ ಇಲ್ಲ.

ಹಾಗಾದರೆ ಕಾನೂನು ಇಲ್ಲವೆ? ಇದೆ. 1974ರ ಜಲಮಾಲಿನ್ಯ ಕಾಯಿದೆಯ 31ನೆಯ ಕಲಮನ್ನು ಓದಿ. ಅಪಘಾತದಿಂದಲೋ ಅನಿರೀಕ್ಷಿತ ಕಾರಣದಿಂದಲೋ ಹೊಲಸು ಹೊರಬಿದ್ದು ಹೊಳೆ, ಬಾವಿ ಕೆಡುವಂತಿದ್ದರೆ ಆ ಜಾಗದ ಮೇಲ್ವಿಚಾರಣೆ ಹೊತ್ತವನು ಕೂಡಲೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಕಾರ್ಖಾನೆಯ ಧಣಿಗೆ ಮಾತ್ರವಲ್ಲ, ಒಳಚರಂಡಿ ನಡೆಸುವ ಸ್ಥಳೀಯ ಸಂಸ್ಥೆಗೂ ಈ ಕಟ್ಟಳೆ ಅನ್ವಯಿಸುತ್ತದೆ. ತಿಳಿದೊಡನೆ ಮಂಡಳಿ ತುರ್ತು ಕ್ರಮ ಕೈಗೊಳ್ಳಲು 32ನೆಯ ಕಲಮು ಅಧಿಕಾರ ಕೊಡುತ್ತದೆ. ಆದರೆ ಕಾಯಿದೆ ಬರೆದವರು ಕೂಡಲೇ ಎಂದರೇ ಹೊರತು ಎಷ್ಟು ಗಂಟೆಯೊಳಗೆ ಎನ್ನಲಿಲ್ಲ. ಮಂಡಳಿಗೆ ತಿಳಿಸಿ ಎಂದರು. ಆ ಬಾವಿಯ ನೀರು ಸೇದುವ ಹೆಂಗಸಿಗೆ ತಿಳಿಸಿ ಎನ್ನಲಿಲ್ಲ.

ಅಮೆರಿಕದ ಭಜನೆ ಮಾಡುವವರು ನಾವಲ್ಲ. ಆದರೂ ಅಲ್ಲಿನ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1,000 ಗ್ಯಾಲನ್, ಎಂದರೆ ಒಂದು ಸಣ್ಣ ಟ್ಯಾಂಕರಿನಷ್ಟು ಕೊಳಚೆ ಹಳ್ಳಕ್ಕೆ ಉಕ್ಕಿದರೂ, ಗೊತ್ತಾದ 2 ಗಂಟೆಯೊಳಗೆ ಚರಂಡಿ ಸಂಸ್ಥೆ ರಾಜ್ಯದ ತುರ್ತು ಕಚೇರಿಗೆ ತಿಳಿಸಬೇಕೆಂಬ ನಿಯಮವಿದೆ. ಅಲ್ಲಿ ಸಾಧ್ಯವಾದದ್ದು ಕೈಕೈಯಲ್ಲಿ ಫೋನಿರುವ ನಮ್ಮ ನಾಡಿನಲ್ಲಿ ಅಸಾಧ್ಯವೆ?

ಬೆಂಗಳೂರಿನಲ್ಲಿ ದುಡಿಯುವ ಗೆಳೆಯರೇ, ಮೋರಿ ಉಕ್ಕಿದ್ದು ಕಂಡರೆ ಜಲಮಂಡಳಿಯ 1916ಕ್ಕೆ ಫೋನು ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆದರೆ ಆ ದೂರು ರಿಪೇರಿಗೆ. ಮಾಲಿನ್ಯ ಮಂಡಳಿಗೆ ಬೇರೆಯಾಗಿ ಬರೆಯಬೇಕು: ಎಷ್ಟು ಹೊತ್ತಿಗೆ, ಯಾವ ಜಾಗ, ಯಾವ ಕಾಲುವೆಗೆ ಬಿದ್ದು ಯಾವ ಕೆರೆಯ ಕಡೆ ಹರಿಯುತ್ತಿದೆ ಎಂದು. ಮತ್ತು ತುರ್ತು ಎಂಬ ನೆಪದಲ್ಲಿ ಗುತ್ತಿಗೆದಾರ ಯಾರನ್ನಾದರೂ ಗುಂಡಿಗೆ ಇಳಿಸಹೊರಟರೆ ಅಡ್ಡ ನಿಲ್ಲಿ. ಒಳಗಿನ ಅನಿಲ ಎರಡು ಉಸಿರಿನಲ್ಲಿ ಆಳನ್ನು ಕೆಡವುತ್ತದೆ. ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. 2013ರ ಕಾಯಿದೆ ಇದನ್ನು ನಿಷೇಧಿಸಿದೆ. ಸತ್ತವನ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಬೆಲೆ ಏರಿತು, ಇಳಿಸುವುದು ನಿಂತಿಲ್ಲ.

ವ್ಯಾಪಾರಿ ಮಿತ್ರರಿಗೂ ಇದರಲ್ಲಿ ಪಾಲಿದೆ. ಸರಿಯಾದ ಸುದ್ದಿ ಬಾರದ ಕಡೆ ಗುಮಾನಿ ಹಬ್ಬುತ್ತದೆ. ಕೋಲಾರದ ಟೊಮೆಟೊ ಕೊಳಚೆ ನೀರಿನದೆಂದು ದೂರದ ಮಂಡಿಯಲ್ಲಿ ಒಬ್ಬ ಗೊಣಗಿದರೆ ಸಾಕು, ಇಲ್ಲಿ ಬೆಲೆ ಬೀಳುತ್ತದೆ. ಸ್ಥಾವರ ಕೆಟ್ಟ ದಿನ ಯಾವುದು, ಪಂಪು ನಿಂತದ್ದು ಎಷ್ಟು ಹೊತ್ತು ಎಂಬ ಲೆಕ್ಕ ನಮ್ಮ ಕೈಯಲ್ಲಿದ್ದರೆ ಅಂಥವನಿಗೆ ಉತ್ತರ ಕೊಡಬಹುದು.

ಆದುದರಿಂದ ನಮ್ಮ ಅರ್ಜಿಯಲ್ಲಿ ಬರೆದಿರುವುದು ಇಷ್ಟು: ಸ್ಥಾವರ ಕೆಟ್ಟ 2 ಗಂಟೆಯೊಳಗೆ ಜಿಲ್ಲಾಧಿಕಾರಿಗೂ ಕೆರೆಯ ಪಂಚಾಯತಿಗೂ ಸುದ್ದಿ ಮುಟ್ಟಬೇಕು, ಪಂಚಾಯತಿ ಡಂಗುರ ಹಾಕಿಸಬೇಕು, ನೀರಿನ ಪರೀಕ್ಷೆಯ ಫಲಿತಾಂಶವನ್ನು ಕೆರೆಯ ಏರಿಯ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು. ಪ್ರತಿಗಳು ಇಲ್ಲಿ ಮೇಜಿನ ಮೇಲಿವೆ. ಅಂಗಡಿಯವರು ಒಂದೊಂದನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟು ಸಹಿ ಹಾಕಿಸಲಿ. ರೈಲಿನವರು ನಾಳೆ ಬೆಳಿಗ್ಗೆಯೇ ಡಬ್ಬಿಯಲ್ಲಿ ಹಂಚಲಿ. ವೈಟ್‌ಫೀಲ್ಡ್ ಮುಟ್ಟುವುದರೊಳಗೆ ನೂರು ಸಹಿಯಾದರೂ ಬೀಳುತ್ತವೆ.