ಚಳಿಗಾಲದಲ್ಲಿ ಗಿಡಮರಗಳ ರಕ್ಷಣೆ



ಹುಬ್ಬಳ್ಳಿ-ಧಾರವಾಡಗಳ ಪ್ರಾಂತದಲ್ಲಿ ದೀಪಾವಳಿಯು ಕಳೆಯುತ್ತಲೇ ಮೂಡಣದ ಒಣಗಾಳಿ ಬೀಸಲಾರಂಭಿಸುತ್ತದೆ. ಎಳ್ಳಮಾವಾಸ್ಯೆಯ ವೇಳೆಗೆ ಚಳಿಯು ತನ್ನ ಪೂರ್ಣಬಲಕ್ಕೆ ಬಂದಿರುತ್ತದೆ. ಎರೆಹೊಲದಲ್ಲಿರುವ ಹಿಂಗಾರಿ ಜೋಳಕ್ಕೂ ಕಡಲೆಗೂ ಈ ಚಳಿ ಬೇಕಾದದ್ದೇ. ಒಕ್ಕಲಿಗನು ಹೊಲದಲ್ಲಿ ಚರಗ ಚೆಲ್ಲಿ ಭೂತಾಯಿಯನ್ನು ಪೂಜಿಸುವುದೂ ಇದೇ ಕಾಲದಲ್ಲಿ. ಆದರೆ ಮನೆಯ ಹಿತ್ತಲಲ್ಲಿ ಕಳೆದ ಮಳೆಗಾಲದಲ್ಲಿ ನೆಟ್ಟ ಆಪೂಸ್ ಮಾವಿನ ಕಸಿಗಿಡವನ್ನೋ, ನಾಲ್ಕು ಬಾಳೆಯನ್ನೋ, ಪಪ್ಪಾಯಿಯನ್ನೋ ಇಟ್ಟುಕೊಂಡವರಿಗೆ ಇದು ಚಿಂತೆಯ ಕಾಲ. ಕಸಿಗಿಡವು ಫಲಕೊಡಲು ನಾಲ್ಕೈದು ವರ್ಷಗಳು ಬೇಕು. ಅದರ ಎಳೆಚಿಗುರು ಕಂದಿಹೋಯಿತೆಂದರೆ ಆ ವರ್ಷದ ಬೆಳವಣಿಗೆಯು ಬಹುಮಟ್ಟಿಗೆ ವ್ಯರ್ಥವಾದಂತೆಯೇ ಸರಿ.

ನಮ್ಮ ಚಳಿಯ ಪರಿಮಾಣವನ್ನು ಮೊದಲು ತಿಳಿಯೋಣ. ಧಾರವಾಡವು ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರು ಎತ್ತರದಲ್ಲಿರುವ ಊರು. ಡಿಸೆಂಬರ್-ಜನವರಿಗಳಲ್ಲಿ ಇಲ್ಲಿಯ ರಾತ್ರಿಯ ಉಷ್ಣತೆಯು ಸಾಧಾರಣವಾಗಿ ೧೪-೧೫ ಸೆಂಟಿಗ್ರೇಡ್ ಅಂಶಗಳಿಗೆ ಇಳಿಯುವುದು. ಕೆಲವು ರಾತ್ರಿಗಳಲ್ಲಿ ೧೦ಕ್ಕಿಂತಲೂ ಕೆಳಗೆ ಹೋಗುವುದುಂಟು. ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ. ಆದುದರಿಂದ ಉದಕಮಂಡಲದ ತಗ್ಗುಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿಯೇ ಬಿಳಿಯ ಹರಳಾಗುವಂತೆ ನಮ್ಮಲ್ಲಿ ಆಗುವುದಿಲ್ಲ. ಆದಾಗ್ಯೂ ಬಾಳೆಯಂತಹ ಉಷ್ಣದೇಶದ ಗಿಡಗಳಿಗೆ ಹೆಪ್ಪುಗಟ್ಟುವಷ್ಟು ಚಳಿಯೇ ಬೇಕೆಂದಿಲ್ಲ. ಉಷ್ಣತೆಯು ೧೩-೧೪ ಅಂಶಗಳಿಗಿಂತ ಕೆಳಗಿಳಿದರೆ ಬಾಳೆಯ ಬೆಳವಣಿಗೆ ನಿಂತುಬಿಡುತ್ತದೆ. ಚಳಿ ಹೆಚ್ಚಾದಲ್ಲಿ ಗೊನೆಯು ಹೊರಬರಲಾರದೆ ಗಂಟಲಲ್ಲೇ ಸಿಕ್ಕಿಕೊಳ್ಳುವುದೂ ಉಂಟು. ಇದಲ್ಲದೆ, ಹವಾಮಾಪಕರು ಹೇಳುವ ಉಷ್ಣತೆಯು ನೆಲದಿಂದ ಎದೆಯೆತ್ತರದಲ್ಲಿ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ ಅಳೆದದ್ದು. ಬಯಲಿನಲ್ಲಿ ಆಕಾಶಕ್ಕೆ ಮುಖಮಾಡಿದ ಎಲೆಯು ಅದಕ್ಕಿಂತ ಹಲವು ಅಂಶಗಳಷ್ಟು ಹೆಚ್ಚು ತಣ್ಣಗಾಗಿರುತ್ತದೆ.

ಇದಕ್ಕೆ ಕಾರಣವೇನು? ಚಳಿಯೆಂಬುದು ಹೊರಗಿನಿಂದ ಬಂದು ಗಿಡವನ್ನು ಕಚ್ಚುವ ವಸ್ತುವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗಾಳಿ ಬೀಸುವ ಹೊತ್ತಿನಲ್ಲಿ ಇದು ಸ್ವಲ್ಪಮಟ್ಟಿಗೆ ನಿಜ. ಆದರೆ ಮೋಡವಿಲ್ಲದ, ಗಾಳಿಯೂ ಇಲ್ಲದ ರಾತ್ರಿಯಲ್ಲಿ ನಡೆಯುವುದೇ ಬೇರೆ. ಹಗಲು ಬಿಸಿಲಿನಿಂದ ನೆಲವೂ ಗಿಡವೂ ಸಂಪಾದಿಸಿದ ಶಾಖವು ಅಗೋಚರವಾದ ಕಿರಣಗಳ ರೂಪದಲ್ಲಿ ಆಕಾಶಕ್ಕೆ ಹೊರಟುಹೋಗುತ್ತದೆ. ಮೋಡವಿದ್ದರೆ ಅದು ಈ ಶಾಖದ ಒಂದಂಶವನ್ನು ಹಿಂದಿರುಗಿಸುವುದು. ನಕ್ಷತ್ರಗಳು ಥಳಥಳಿಸುವ ರಾತ್ರಿಯೇ ತೋಟಗಾರನು ಎಚ್ಚರದಿಂದಿರಬೇಕಾದ ರಾತ್ರಿ.

ಈ ತತ್ತ್ವವನ್ನು ಸ್ಪಷ್ಟಪಡಿಸಿದವನು ಲಂಡನ್ನಿನಲ್ಲಿ ವೈದ್ಯನಾಗಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್. ೧೮೧೪ರಲ್ಲಿ ಇಬ್ಬನಿಯನ್ನು ಕುರಿತು ಅವನು ಪ್ರಕಟಿಸಿದ ಪ್ರಬಂಧವು ಪ್ರಸಿದ್ಧವಾದದ್ದು. ತೋಟಗಾರರು ಎಳೆಗಿಡಗಳಿಗೆ ತೆಳ್ಳನೆಯ ಚಾಪೆ ಹೊದಿಸುವುದನ್ನು ಕಂಡು, ಇಷ್ಟರಿಂದ ಚಳಿ ತಡೆಯುವುದುಂಟೇ ಎಂದು ಅವನೂ ಮೊದಲು ನಕ್ಕಿದ್ದನಂತೆ. ಬಳಿಕ ನಾಲ್ಕು ಕಡ್ಡಿಗಳನ್ನು ನೆಟ್ಟು ಹುಲ್ಲಿನ ಮೇಲೆ ಅರ್ಧ ಅಡಿ ಎತ್ತರದಲ್ಲಿ ತೆಳುವಾದ ಕರವಸ್ತ್ರವೊಂದನ್ನು ಬಿಗಿದು ಪರೀಕ್ಷಿಸಿದನು. ಒಂದು ರಾತ್ರಿ, ಬಯಲಿನ ಹುಲ್ಲು ಗಾಳಿಗಿಂತ ೧೧ ಫ್ಯಾರನ್‌ಹೀಟ್ ಅಂಶ ತಣ್ಣಗಾಗಿದ್ದರೆ, ವಸ್ತ್ರದ ಕೆಳಗಿನ ಹುಲ್ಲು ೩ ಅಂಶ ಮಾತ್ರ ತಣ್ಣಗಾಗಿತ್ತು. ಸುತ್ತಲೂ ತೆರೆದೇ ಇದ್ದ ಒಂದು ಕರವಸ್ತ್ರವು ಇಷ್ಟು ಕೆಲಸವನ್ನು ಮಾಡಿತು. ಆದುದರಿಂದ ನಮ್ಮ ಕರ್ತವ್ಯವು ಚಳಿಯನ್ನು ಓಡಿಸುವುದಲ್ಲ. ನೆಲವು ಹಗಲಿನಲ್ಲಿ ಕೂಡಿಟ್ಟುಕೊಂಡ ಶಾಖವನ್ನು ಗಿಡದ ಬಳಿಯಲ್ಲಿ ಉಳಿಸಿಕೊಳ್ಳುವುದು. ಮುಂದೆ ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಿಂದಲೇ ಹುಟ್ಟುವುವು.

ಮೊದಲನೆಯದು ಹೊದಿಕೆ. ಎಳೆಯ ಗಿಡದ ಸುತ್ತ ಮೂರು-ನಾಲ್ಕು ಗೂಟಗಳನ್ನು ನೆಟ್ಟು ಮೇಲೆ ಜೋಳದ ಕಣಿಕೆಯನ್ನೋ ಗೋಣಿತಟ್ಟನ್ನೋ ಹರಡಬೇಕು. ಅದು ಎಲೆಗೆ ತಗಲಕೂಡದು. ಗಿಡದ ಕಾಂಡಕ್ಕೆ ಗೋಣಿಯನ್ನು ಬಿಗಿದು ಗಂಟುಕಟ್ಟುವವರು ನೆಲದ ಶಾಖವು ಒಳಗೆ ಬರುವ ದಾರಿಯನ್ನೇ ಮುಚ್ಚಿದಂತಾಗುವುದು. ಹೊದಿಕೆಯು ನೆಲದವರೆಗೆ ಡೇರೆಯಂತೆ ಇಳಿದಿರಬೇಕು. ನಮ್ಮ ಕಡೆ ಒಣಗಾಳಿ ಬೀಸುವುದು ಮೂಡಣದಿಂದ, ಚಳಿಗಾಲದ ಸೂರ್ಯನು ಚಲಿಸುವುದು ತೆಂಕಣ ದಿಕ್ಕಿನಲ್ಲಿ. ಆದುದರಿಂದ ಮೂಡಣವನ್ನು ಮರೆಮಾಡಿ ತೆಂಕಣವನ್ನು ತೆರೆದಿಡುವುದು ಯುಕ್ತ. ಈಗ ಎಲ್ಲೆಲ್ಲಿಯೂ ದೊರೆಯುವ ತೆಳುವಾದ ಪಾಲಿಥೀನ್ ಹಾಳೆಯು ಗಾಳಿಯನ್ನು ತಡೆಯುವುದು ನಿಜ. ಆದರೆ ಶಾಖದ ಕಿರಣಗಳನ್ನು ಬಹುಮಟ್ಟಿಗೆ ಹಾಯಗೊಡುತ್ತದೆ. ಈ ಕಾರ್ಯಕ್ಕೆ ಹಳೆಯ ಗೋಣಿಯೇ ಮೇಲು. ಕುಂಡಗಳಲ್ಲಿರುವ ಕ್ರೋಟನ್ ಮೊದಲಾದವನ್ನು ಸಂಜೆ ಜಗಲಿಯ ಮಾಡಿನ ಕೆಳಗೆ ಎತ್ತಿಟ್ಟರೆ ಸಾಕು. ಸೇವಂತಿಗೆ, ಗುಲಾಬಿಗಳಿಗೆ ಈ ಉಪಚಾರವೇ ಬೇಡ. ನಮ್ಮ ಚಳಿ ಅವುಗಳಿಗೆ ಹಿತವಾದದ್ದು.

ಎರಡನೆಯದು ನೀರು. ತೇವವುಳ್ಳ ಗಟ್ಟಿನೆಲವು ಹಗಲಿನ ಶಾಖವನ್ನು ಆಳಕ್ಕೆ ಎಳೆದುಕೊಂಡು ರಾತ್ರಿ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಒಣಗಿ ಸಡಿಲವಾದ ಮಣ್ಣು ಹೀಗೆ ಮಾಡಲಾರದು. ಆದುದರಿಂದ ಚಳಿಯ ದಿನಗಳಲ್ಲಿ ಎಳೆಗಿಡಗಳಿಗೆ ಬೆಳಗಿನ ಹೊತ್ತು ನೀರು ಹಾಕಿ ಬಿಸಿಲು ನೆಲವನ್ನು ಕಾಯಿಸುವಂತೆ ಮಾಡಬೇಕು. ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸುವುದು ರೋಗಕ್ಕೆ ಆಹ್ವಾನವಿತ್ತಂತೆ. ಬುಡಕ್ಕೆ ಹುಲ್ಲು, ತರಗೆಲೆ ಹರಡುವ ಪದ್ಧತಿಯು ಬೇರುಗಳಿಗೆ ಒಳ್ಳೆಯದೇ; ಆದರೆ ಒಣಹುಲ್ಲು ನೆಲದ ಶಾಖವನ್ನು ಮೇಲೇರಗೊಡುವುದಿಲ್ಲವಾದ್ದರಿಂದ, ಅದರ ಮೇಲಿರುವ ಗಿಡ್ಡಗಿಡಗಳ ಎಲೆಗಳು ಮತ್ತಷ್ಟು ತಣ್ಣಗಾಗಬಹುದು. ತೀರ ಚಳಿಯ ರಾತ್ರಿಗಳಲ್ಲಿ ಅದನ್ನು ಸ್ವಲ್ಪ ಬದಿಗೆ ಸರಿಸುವುದು ಲೇಸು.

ಮೂರನೆಯದು ಸ್ಥಳ. ಧಾರವಾಡವು ದಿಣ್ಣೆ-ತಗ್ಗುಗಳ ಊರು. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಪಡುವಣ ಕಡಲಿಗೂ ಇನ್ನೊಂದು ಪಾಲು ಮೂಡಣ ಕಡಲಿಗೂ ಹರಿಯುವುದೆಂಬುದನ್ನು ತಾವೆಲ್ಲರೂ ಬಲ್ಲಿರಿ. ತಣ್ಣನೆಯ ಗಾಳಿಯೂ ನೀರಿನಂತೆಯೇ. ಭಾರವಾದುದರಿಂದ ಅದು ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಾಜೂಕಾದ ಗಿಡಗಳನ್ನು ತಗ್ಗಿನಲ್ಲಿ ನೆಡದೆ ಇಳಿಜಾರಿನಲ್ಲಿ ನೆಡಬೇಕು. ತೋಟದ ಕೆಳಬದಿಗೆ ದಟ್ಟವಾದ ಬೇಲಿಯನ್ನು ಬೆಳೆಸಿದರೆ ಅದು ಒಡ್ಡಿನಂತೆ ಚಳಿಯನ್ನು ಕಟ್ಟಿನಿಲ್ಲಿಸುವುದು. ಸವಣೂರಿನ ವೀಳ್ಯದೆಲೆಯ ಹೆಸರನ್ನು ಕೇಳದವರಾರು? ಎಲೆಬಳ್ಳಿಯ ತೋಟಗಳಲ್ಲಿ ಬಳ್ಳಿಯನ್ನು ಚೊಗಚೆ, ನುಗ್ಗೆಗಳ ಮೇಲೆ ಹಬ್ಬಿಸುವ ಪದ್ಧತಿಯಲ್ಲಿ ಆಸರೆಯೊಂದಿಗೆ ನೆರಳೂ ಮರೆಯೂ ದೊರೆಯುವುವು. ಮೇಲೆ ಸೊಪ್ಪಿನ ಮಾಡಿರುವ ಬಳ್ಳಿಗೆ ರಾತ್ರಿಯ ಆಕಾಶವು ಬಯಲಾಗಿ ಕಾಣದು.

ಇನ್ನು ಹೊಗೆಯ ವಿಚಾರ. ಕಸಕಡ್ಡಿಗೆ ಬೆಂಕಿಯಿಟ್ಟು ತೋಟದ ತುಂಬ ಹೊಗೆ ಮಾಡಿದರೆ ಚಳಿ ತಗಲದೆಂಬ ನಂಬಿಕೆ ಬಹುಕಾಲದಿಂದ ಇದೆ. ಹೊಗೆಯ ಕಣಗಳು ಶಾಖದ ಕಿರಣಗಳನ್ನು ತಡೆಯಲಾರದಷ್ಟು ಸಣ್ಣವು. ಸಿಕ್ಕುವ ಅಲ್ಪಪ್ರಯೋಜನವು ಬೆಂಕಿಯ ಬಿಸಿಯಿಂದಲೇ ಹೊರತು ಹೊಗೆಯಿಂದಲ್ಲ. ಮನೆಗಳು ಒತ್ತಾಗಿರುವ ಊರಿನಲ್ಲಿ ನೆರೆಯವರ ಶ್ವಾಸಕೋಶಗಳಿಗೆ ಕೇಡು ಮಾತ್ರ ಉಳಿಯುವುದು.

ಈಗ ಮುಖ್ಯವಾದ ಎಚ್ಚರಿಕೆ. ಇದುವರೆಗೆ ಹೇಳಿದ್ದು ಎಳೆಯ ಗಿಡಗಳಿಗೆ. ಫಲಕ್ಕೆ ಬಂದ ಮಾವಿನ ಮರಕ್ಕೆ ಚಳಿಯು ಶತ್ರುವಲ್ಲ. ೧೫ ಅಂಶಗಳ ಸುಮಾರಿನ ತಂಪಾದ ರಾತ್ರಿಗಳೂ ಒಣನೆಲವೂ ಸೇರಿಯೇ ಮಾವಿಗೆ ಹೂವಾಡುವ ಪ್ರೇರಣೆಯನ್ನು ಕೊಡುತ್ತವೆ. ಕನಿಕರದಿಂದ ಈ ಕಾಲದಲ್ಲಿ ನೀರುಣಿಸಿದರೆ ಮರವು ಹೂ ಬಿಡದೆ ಚಿಗುರುವ ಸಂಭವವುಂಟು. ಕಾಯಿ ಬಟಾಣಿಯ ಗಾತ್ರಕ್ಕೆ ಬರುವವರೆಗೆ ನೀರನ್ನು ತಡೆಯುವುದೇ ಮೇಲು. ಎಳೆಯ ಗಿಡಕ್ಕೆ ಉಪಚಾರವಾದದ್ದು ಹಿರಿಯ ಮರಕ್ಕೆ ಅಪಚಾರವಾಗುವುದೆಂದರೆ ಹೀಗೆ. ಆದರೆ ಹೂ ಬಿಟ್ಟ ಬಳಿಕ ಭಯವಿಲ್ಲವೆಂದಲ್ಲ. ತಂಪಾದ ರಾತ್ರಿ, ಬೆಳಗಿನ ಇಬ್ಬನಿ, ಒಣಗಿದ ಹಗಲು, ಇವು ಕೂಡಿದಾಗ ಹೂಗೊಂಚಲಿಗೆ ಬೂದಿರೋಗ ತಗಲುತ್ತದೆ. ಜನರು ಚಳಿಗೆ ಹೂ ಸುಟ್ಟಿತೆಂದು ಹೇಳುವಾಗ ಎಷ್ಟೋ ವೇಳೆ ಸುಟ್ಟದ್ದು ಈ ರೋಗ, ಇಲ್ಲವೆ ರಸ ಹೀರುವ ಜಿಗಿಹುಳು. ಗೊಂಚಲು ಹೊರಟು ಹೂ ಅರಳುವ ಮೊದಲೇ, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ೨-೩ ಗ್ರಾಮಿನಂತೆ ಸಿಂಪಡಿಸಿದರೆ ಬೂದಿರೋಗವನ್ನು ತಡೆಯಬಹುದು. ಅರಳಿದ ಮೇಲೆ ಸಿಂಪಡಿಸಬಾರದು. ಪರಾಗವನ್ನು ಒಯ್ಯುವ ನೊಣಗಳಿಗೂ ಜೇನುಗಳಿಗೂ ಅಡ್ಡಿಯಾಗುವುದು.

ಕೊನೆಯದಾಗಿ, ಚಳಿ ತಗಲಿದ ಗಿಡವನ್ನು ಏನು ಮಾಡಬೇಕು? ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ, ಚಳಿ, ಗಾಳಿ, ಬಿಸಿಲುಗಳಿಂದ ವೃಕ್ಷಗಳಿಗೆ ರೋಗವುಂಟಾಗಿ ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು ಎಂಬ ಲಕ್ಷಣಗಳನ್ನು ಹೇಳಿರುವನು. ಇಂತಹ ಲಕ್ಷಣ ಕಂಡೊಡನೆ ಕತ್ತರಿ ಹಿಡಿಯುವುದು ಅವಿವೇಕ. ಕಂದಿದ ಎಲೆಯೂ ಒಳಗಿನ ಮೊಗ್ಗಿಗೆ ಮರೆಯಾಗಿರುತ್ತದೆ. ಬೇಗ ಸವರಿದರೆ ಹೊರಡುವ ಎಳೆಚಿಗುರು ಮುಂದಿನ ಚಳಿಗೆ ಬಲಿಯಾಗುತ್ತದೆ. ಗೊಬ್ಬರ ಹಾಕುವ ಆತುರವೂ ಬೇಡ. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೋಗುವುದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಅಲ್ಲಿಯವರೆಗೆ ತಾಳ್ಮೆಯಿಂದಿದ್ದು, ಜೀವವಿರುವ ಕಣ್ಣು ಎಲ್ಲಿ ಒಡೆಯುವುದೆಂದು ನೋಡಿ, ಅದರ ಮೇಲಿನ ಒಣಭಾಗವನ್ನು ಮಾತ್ರ ತೆಗೆಯತಕ್ಕದ್ದು. ಸತ್ತಿತೆಂದು ಕಿತ್ತೆಸೆಯಬೇಕೆಂದಿದ್ದ ಗಿಡವು ಯುಗಾದಿಯ ವೇಳೆಗೆ ಬುಡದ ಮೇಲೆ ಚಿಗುರುವುದು ಅಪರೂಪವಲ್ಲ. ಆ ಚಿಗುರು ಕಸಿಯ ಗಂಟಿನ ಮೇಲಿನದೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.