ಗಿರಿಯ ಮಳೆ, ಬಯಲಿನ ಸುಣ್ಣ



ಮಳೆಗಾಲದಲ್ಲಿ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಹೊರಟು ಕಲ್ಲತ್ತಿಗಿರಿ, ಲಿಂಗದಹಳ್ಳಿ, ಬೀರೂರುಗಳ ಮಾರ್ಗವಾಗಿ ಅಜ್ಜಂಪುರದವರೆಗೆ ಕಾಲ್ನಡಿಗೆಯಲ್ಲಿ ಸಾಗುವವರಿಗೆ ದಾರಿಯೇ ಒಂದು ಪಾಠಶಾಲೆ. ಹೊರಡುವಾಗ ಕಂಬಳಿಕೊಪ್ಪೆಯಿಲ್ಲದೆ ಹೆಜ್ಜೆಯಿಡುವಂತಿಲ್ಲ. ಲಿಂಗದಹಳ್ಳಿಯನ್ನು ದಾಟುವಷ್ಟರಲ್ಲಿ ಜಡಿಮಳೆ ತುಂತುರಾಗುತ್ತದೆ. ಬೀರೂರಿನ ಬಯಲಿನಲ್ಲಿ ಎಷ್ಟೋ ದಿನ ಮೋಡಗಳು ತಲೆಯ ಮೇಲೆ ಓಡುತ್ತವೆಯೇ ಹೊರತು ಹನಿಯುದುರುವುದಿಲ್ಲ. ಪಡುವಣ ಗಾಳಿಯು ಬಾಬಾಬುಡನ್ ಗಿರಿಶ್ರೇಣಿಯನ್ನು ಏರಿ, ತಣಿದು, ಹೊತ್ತು ತಂದ ನೀರಿನ ಬಹುಪಾಲನ್ನು ಅಲ್ಲಿಯೇ ಸುರಿಸಿಬಿಡುತ್ತದೆ. ಕಡೂರು ಸೀಮೆ ಮಳೆಯ ನೆರಳಿನಲ್ಲಿ ಉಳಿಯುತ್ತದೆ.

ಈ ವ್ಯತ್ಯಾಸವನ್ನು ಕಾಲಡಿಯ ಮಣ್ಣೂ ಹೇಳುತ್ತದೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯವಾದ ಆಮ್ಲವಾಗಿ, ಸುಣ್ಣವನ್ನು ಕರಗಿಸುತ್ತದೆ. ಉತ್ತರ ಕನ್ನಡದ ಯಾಣದಲ್ಲಿ ಸುಣ್ಣಕಲ್ಲಿನ ಕರಿಯ ಶಿಖರಗಳನ್ನು ಕೊರೆದು ನಿಲ್ಲಿಸಿದುದು ಇಂತಹ ನೀರೇ. ಬಾಬಾಬುಡನ್ ಸಾಲಿನಲ್ಲಿ ಹೆಸರಾದುದು ಕಬ್ಬಿಣದ ಅದಿರು. ಭದ್ರಾವತಿಯ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಹೋಗುತ್ತಿದ್ದಿತು. ಅಲ್ಲಿ ಬಿರುಮಳೆಯು ಸುಣ್ಣದ ಅಂಶವನ್ನು ತೊಳೆದೊಯ್ದು ಕಬ್ಬಿಣದ ಕೆಂಪನ್ನು ಉಳಿಸಿದೆ. ಬಯಲಿನಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಕರಗಿದ ಸುಣ್ಣವು ದೂರ ಹೋಗಲಾರದೆ, ನೀರು ಆರಿದಾಗ ಮಣ್ಣಿನೊಳಗೆ ಹರಳುಗಟ್ಟುತ್ತದೆ. ಎರೆಹೊಲದಲ್ಲಿ ನೇಗಿಲಿಗೆ ತಾಗುವ ಬಿಳಿಯ ಸುಣ್ಣದ ಹರಳು ಮಳೆಯ ಕೊರತೆಯ ಗುರುತು.

ಮಣ್ಣನ್ನು ಹೀಗೆ ಬೇರ್ಪಡಿಸಿದ ಗಿರಿಯು ನೀರನ್ನೂ ಹಂಚುತ್ತದೆ. ಹೆಬ್ಬೆಯ ಜಲಪಾತದ ನೀರು ಭದ್ರೆಗೆ ಸೇರುತ್ತದೆ. ಮೂಡಣ ಇಳಿಜಾರಿನ ಗೌರಿಹಳ್ಳವು ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನು ತುಂಬಿ, ಮುಂದೆ ವೇದಾ ನದಿಯಾಗುತ್ತದೆ. ಜನಪದರ ಹಾಡಿನಲ್ಲಿ ಹೆಸರಾದ ಮದಗದಕೆರೆಯ ಕಡೆಯಿಂದ ಅವತಿ ಬರುತ್ತದೆ. ಇವೆರಡೂ ಕಡೂರಿನ ಬಳಿ ಕೂಡಿ ವೇದಾವತಿಯೆನಿಸುತ್ತವೆ. ವೇದಾವತಿಯು ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ದಾಟಿ, ಹಗರಿಯೆಂಬ ಹೆಸರು ತಾಳಿ ತುಂಗಭದ್ರೆಯನ್ನು ಸೇರುತ್ತದೆ. ಗಿರಿಯ ನೆತ್ತಿಯಲ್ಲಿ ಅಗಲಿದ ಎರಡು ಹನಿಗಳು ಅಷ್ಟು ದೂರ ಸಾಗಿ ಮತ್ತೆ ಒಂದಾಗುತ್ತವೆ.

1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರ ಬಳಿಕ ಮತ್ತೆ ಕೋಡಿ ಹರಿದುದು 2022ರ ಸೆಪ್ಟೆಂಬರಿನಲ್ಲಿ. ಆ ವರ್ಷದ ಭಾರಿ ಮಳೆಯೊಡನೆ, ಭದ್ರಾ ಮೇಲ್ದಂಡೆ ಯೋಜನೆಯಡಿ ಅಜ್ಜಂಪುರದ ಸುರಂಗದ ಮೂಲಕ ಹರಿಸಿದ ಭದ್ರೆಯ ನೀರೂ ಅದರಲ್ಲಿ ಬೆರೆತಿದ್ದಿತು. ಬಯಲಿನ ಬಾಯಾರಿಕೆ ಸುಳ್ಳಲ್ಲ. ಮಲೆಯವರು ಅದನ್ನು ಅಲ್ಲಗಳೆಯಲಾಗದು. ಆದರೆ ಸುರಂಗವು ನೀರನ್ನು ಸಾಗಿಸಬಲ್ಲದು, ಹುಟ್ಟಿಸಲಾರದು. ನೆತ್ತಿಯ ಹುಲ್ಲು ಮಳೆಯ ಹೊಡೆತವನ್ನು ತಡೆಯುತ್ತದೆ. ಕಣಿವೆಯ ಶೋಲಾ ಕಾಡು ನೀರನ್ನು ಇಂಗಿಸಿಕೊಂಡು, ಮಳೆ ನಿಂತ ಮೇಲೂ ಹಳ್ಳಕ್ಕೆ ಮೆಲ್ಲನೆ ಬಿಟ್ಟುಕೊಡುತ್ತದೆ. ಆ ಹುಲ್ಲನ್ನು ಬಂಜರೆಂದು ಬಗೆದು ಗುಡ್ಡವನ್ನು ಅಗೆದರೆ, ಮೊದಲ ಮಳೆಗೆ ಮಣ್ಣು ಜಾರುತ್ತದೆ, ಕೆರೆಗೆ ಹೂಳು ಬರುತ್ತದೆ, ಬೇಸಿಗೆಗೆ ಹಳ್ಳ ಒಣಗುತ್ತದೆ. ಅಮೃತಮಹಲ್ ರಾಸುಗಳನ್ನು ಸಾಕಿದ ಅಜ್ಜಂಪುರ ಸೀಮೆಯ ಕಾವಲುಗಳಿಗೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ವಿದ್ಯಾರ್ಥಿಗಳು ಈ ದಾರಿಯನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನಡೆಯಬೇಕು. ಯಾವ ಹಳ್ಳ ಯಾವ ಕೆರೆಗೆ ಹೋಗುತ್ತದೆ, ಯಾವ ತಿಂಗಳಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆದಿಡಬೇಕು. ಗ್ರಾಮಸ್ಥರು ತಮ್ಮೂರಿನ ಕೆರೆಗೆ ನೀರು ತರುವ ಕಾಲುವೆಯ ಒತ್ತುವರಿಯನ್ನು ಗ್ರಾಮಸಭೆಯಲ್ಲಿ ಕೇಳಬೇಕು. ಗಿರಿಯ ಹುಲ್ಲನ್ನು ಉಳಿಸುವುದು ಮಲೆಯವರ ಕೆಲಸ ಮಾತ್ರವಲ್ಲ. ಸುಣ್ಣದ ಹರಳಿನ ಹೊಲವನ್ನು ಉಳುವ ಬಯಲಿನ ರೈತನ ಕೆಲಸವೂ ಅಹುದು.