ಪುರಾಣದ ಕತ್ತಲೆ, ಚಿತ್ರದ ಪುಟ

ಗ್ರಾಫಿಕ್ ಕಾದಂಬರಿ ಎಂದು ಕರೆಯಲಾಗುವ ಸಾಹಿತ್ಯಪ್ರಕಾರವೊಂದು ನಮ್ಮ ತರುಣರ ಮನಸ್ಸನ್ನು ಸೆಳೆಯುತ್ತಿದೆ. ಸಾಲುಸಾಲಾದ ಚೌಕಟ್ಟುಗಳಲ್ಲಿ ಚಿತ್ರ, ಚಿತ್ರದೊಳಗೆ ಮಾತು; ಹೀಗೆ ದೊಡ್ಡದೊಂದು ಕಥೆಯನ್ನು ಹೇಳುವ ವಿಧಾನ ಅದು. ಅದರಲ್ಲಿಯೂ ಪುರಾಣದಿಂದ ವಸ್ತುವನ್ನು ತೆಗೆದುಕೊಂಡು ರಾತ್ರಿ, ರಕ್ತ, ಶಾಪ, ಸ್ಮಶಾನ, ರಾಕ್ಷಸರ ಒಳಗುದಿ ಇವುಗಳನ್ನೇ ಮುನ್ನೆಲೆಗೆ ತರುವ ಕೃತಿಗಳಿಗೆ ಆಕರ್ಷಣೆ ಹೆಚ್ಚು. ಇದನ್ನು ಕಂಡು ಹಿರಿಯರು ಎರಡು ಆಕ್ಷೇಪಗಳನ್ನು ಎತ್ತುತ್ತಾರೆ. ಈ ಕರಾಳ ರುಚಿ ಪರದೇಶದಿಂದ ಬಂದದ್ದು ಎಂಬುದು ಒಂದು. ದೇವರ ಕಥೆಗೆ ಮಸಿ ಬಳಿಯುವ ಕೆಲಸವಿದು ಎಂಬುದು ಇನ್ನೊಂದು. ಈ ಎರಡು ಮಾತುಗಳನ್ನೂ ಪರಿಶೀಲಿಸಿ ನೋಡೋಣ.

ನಾನು ಪಾವಗಡ ತಾಲ್ಲೂಕಿನ ತಿರುಮಣಿಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ನಮ್ಮ ಗಡಿಸೀಮೆಯ ಅನೇಕರ ಪಾಡು. ಹೊರಗಿನವರು ಇಂದು ನಮ್ಮ ಊರನ್ನು ಬಲ್ಲದ್ದು ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕಿನಿಂದ. ಆದರೆ ಸೂರ್ಯನು ನಮ್ಮ ಸೀಮೆಗೆ ಕೀರ್ತಿ ತರುವುದಕ್ಕೆ ಬಹಳ ಮೊದಲೇ ಅವನ ಮಗ ತಂದಿದ್ದ. ಪಾವಗಡದ ಶನಿಮಹಾತ್ಮನ ಗುಡಿಯನ್ನು ಕೇಳಿ ಅರಿಯದವರು ವಿರಳ. ಆ ದೇವರ ಕಥೆಯನ್ನು ಒಮ್ಮೆ ನೆನೆಯಿರಿ.

ಶನಿಯನ್ನು ಹಳಿದ ವಿಕ್ರಮರಾಜನನ್ನು ಒಂದು ಮಾಯಾಕುದುರೆ ಹೊತ್ತೊಯ್ದು ಕಾಡಿನಲ್ಲಿ ಕೆಡಹುತ್ತದೆ. ಪರದೇಶಿಯಾಗಿ ಅಲೆದ ಅವನಿಗೆ ವರ್ತಕನೊಬ್ಬನ ಮನೆಯಲ್ಲಿ ಆಶ್ರಯ ದೊರೆಯುತ್ತದೆ. ಅಲ್ಲಿ ಅವನ ಕಣ್ಣೆದುರಿಗೇ ಚಿತ್ರದ ಹಂಸವು ಜೀವತಳೆದು ಮುತ್ತಿನ ಹಾರವನ್ನು ನುಂಗಿಬಿಡುತ್ತದೆ! ಯಾರು ನಂಬಿಯಾರು? ಕಳ್ಳತನದ ಆರೋಪ ಹೊತ್ತ ರಾಜನ ಕೈಕಾಲುಗಳನ್ನು ಕಡಿಸಲಾಗುತ್ತದೆ. ಅಂಗಹೀನನಾಗಿ ಗಾಣದ ಮೇಲೆ ಕುಳಿತು ಅವನು ದೀಪರಾಗವನ್ನು ಹಾಡಿದಾಗ ಊರಿನ ದೀಪಗಳೆಲ್ಲ ತಾವಾಗಿ ಹೊತ್ತಿಕೊಳ್ಳುತ್ತವೆ. ಇದಕ್ಕಿಂತ ಕರಾಳವಾದ ಕಲ್ಪನೆ ಯಾವ ಪರದೇಶದಿಂದ ಬರಬೇಕು? ಶನಿವಾರಗಳಂದು ಮಕ್ಕಳನ್ನೂ ಮುಂದೆ ಕೂರಿಸಿಕೊಂಡು ಹಿರಿಯರೇ ಓದಿಸಿ ಕೇಳಿದ ಕಥೆಯಿದು. ಕೇಳಿದವರು ದುಷ್ಟರಾಗಲಿಲ್ಲ, ಬಿದ್ದವನನ್ನು ಕಂಡು ನಗಬಾರದು ಎಂಬುದನ್ನು ಕಲಿತರು.

ಇನ್ನು ಚಿತ್ರದ ಮಾತು. ನಮ್ಮ ಗಡಿಯಾಚೆ, ಧರ್ಮವರಂ ಬಳಿಯ ನಿಮ್ಮಲಕುಂಟ ತೊಗಲುಗೊಂಬೆಗೆ ಹೆಸರಾದ ಹಳ್ಳಿ. ಈ ಕಲೆಗಾಗಿ ದಳವಾಯಿ ಚಲಪತಿರಾವ್ ಅವರಿಗೆ ೨೦೨೦ರಲ್ಲಿ ಪದ್ಮಶ್ರೀ ಸಂದಿತು. ಕನ್ನಡನಾಡಿನ ತೊಗಲುಗೊಂಬೆಗಳಲ್ಲಿ ಒಂದು ವಿಶೇಷವುಂಟು: ಒಂದೇ ತೊಗಲಿನಲ್ಲಿ ಹಲವು ಪಾತ್ರಗಳನ್ನು ಬಿಡಿಸಿ, ಇಡೀ ಸನ್ನಿವೇಶವನ್ನೇ ಒಂದು ಗೊಂಬೆಯಾಗಿ ಮಾಡುತ್ತಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ಗೊಂಬೆಗಳನ್ನು ನೋಡಬಹುದು. ಇಂಥ ಸನ್ನಿವೇಶಗಳು ಒಂದರ ಹಿಂದೊಂದು ಬೆಳಕಿನ ಪರದೆಯ ಮೇಲೆ ಬಂದುಹೋಗುವುದಕ್ಕೂ ಇಂದಿನ ಚಿತ್ರಕಾದಂಬರಿಯ ಚೌಕಟ್ಟುಗಳಿಗೂ ಬಹಳ ದೂರವಿಲ್ಲ. ಹತ್ತು ತಲೆಯ ರಾವಣನ ನೆರಳನ್ನು ಕತ್ತಲೆಯಲ್ಲಿ ಕುಳಿತು ನೋಡಿದ ಜನ ನಾವು.

ಹಳಗನ್ನಡ ಕಾವ್ಯಕ್ಕೆ ಬಂದರೆ ಈ ಮಾತು ಇನ್ನೂ ದೃಢವಾಗುತ್ತದೆ. ಹತ್ತನೆಯ ಶತಮಾನದ ರನ್ನನು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಸಂಜಯನೊಡನೆ ರಣಭೂಮಿಯಲ್ಲಿ ನಡೆಸುತ್ತಾನೆ. ಸುತ್ತ ಹೆಣಗಳ ರಾಶಿ; ಅಣಕಿಸುವ ಮರುಳುಗಳು. ಗುರು ದ್ರೋಣ, ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಇವರ ಶವಗಳನ್ನು ಕಂಡು ಅವನ ಎದೆಯೊಡೆಯುತ್ತದೆ. ವೈರಿಯ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ಅವನು ನಿಂತು ಗೌರವ ಸಲ್ಲಿಸುತ್ತಾನೆ. ೧೨೦೯ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆ ನಮ್ಮನ್ನು ನೇರವಾಗಿ ಚಂಡಮಾರಿಯ ಬಲಿಪೀಠದ ಮುಂದೆ ನಿಲ್ಲಿಸುತ್ತದೆ. ಬಲಿಗಾಗಿ ತಂದ ಎಳೆಯ ಅಣ್ಣತಂಗಿಯರು ತಮ್ಮ ಜನ್ಮಾಂತರದ ಕಥೆಯನ್ನು ಹೇಳಿದಾಗ, ಕತ್ತಿ ಹಿರಿದ ಮಾರಿದತ್ತರಾಜನೇ ಹಿಂಸೆಯನ್ನು ತೊರೆಯುತ್ತಾನೆ. ಆದ್ದರಿಂದ ಕತ್ತಲೆಯು ನಮ್ಮ ಸಾಹಿತ್ಯಕ್ಕೆ ಹೊರಗಿನದೆಂಬ ಮೊದಲ ಆಕ್ಷೇಪ ನಿಲ್ಲುವುದಿಲ್ಲ.

ಹಾಗಾದರೆ ಇಂದಿನ ಪುಸ್ತಕಗಳು ನಮಗೆ ಹೊಸದಾಗಿ ಏಕೆ ತೋರುತ್ತವೆ? ನನ್ನ ತಲೆಮಾರಿನವರು ಬಾಲ್ಯದಲ್ಲಿ ಕಂಡ ಅಚ್ಚಿನ ಪುರಾಣ ಬಹುಮಟ್ಟಿಗೆ ತೊಳೆದು ಶುಚಿಗೊಳಿಸಿದ್ದು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ೧೯೬೭ರಲ್ಲಿ ಕಟ್ಟಿದ ಅಮರ ಚಿತ್ರಕಥೆಯ ಉಪಕಾರ ದೊಡ್ಡದು. ಆದರೆ ಅದು ಮಕ್ಕಳಿಗಾಗಿ ಬರೆದದ್ದು, ಕ್ರೌರ್ಯವನ್ನು ಹದಗೊಳಿಸಿ ಬರೆದದ್ದು. ಚಂದಮಾಮದಲ್ಲಿ ಮಾತ್ರ, ಚಿತ್ರಕಾರ ಶಂಕರ್ ಅವರ ಕುಂಚದಿಂದ, ಹೆಗಲ ಮೇಲೆ ಹೆಣವನ್ನು ಹೊತ್ತು ಕತ್ತಿ ಹಿರಿದು ನಡೆಯುವ ವಿಕ್ರಮನ ಚಿತ್ರ ತಪ್ಪದೆ ಬರುತ್ತಿತ್ತು. ಆ ಪತ್ರಿಕೆ ಈಗ ನಿಂತುಹೋಗಿದೆ. ಆ ಚಿತ್ರ ನಮ್ಮ ಕಣ್ಣಿನಿಂದ ಹೋಗಿಲ್ಲ. ಅಂದು ಬಾಲಕರಾಗಿದ್ದ ಓದುಗರು ಬೆಳೆದರು. ಅವರಿಗೆ ಬೆಳೆದವರ ಪುರಾಣ ಬೇಕಾಯಿತು. ೨೦೦೬ರಲ್ಲಿ ಆರಂಭವಾದ ವರ್ಜಿನ್ ಕಾಮಿಕ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಚಿತ್ರಶಾಲೆಯನ್ನಿಟ್ಟು, ರಾಮಾಯಣವನ್ನು ಕ್ರಿಸ್ತಶಕ ೩೩೯೨ರ ಭಗ್ನಜಗತ್ತಿಗೆ ಒಯ್ದಿತು. ಅಮೃತಾ ಪಾಟೀಲರು ೨೦೧೨ರಲ್ಲಿ ‘ಆದಿಪರ್ವ’ವನ್ನೂ ೨೦೧೬ರಲ್ಲಿ ‘ಸೌಪ್ತಿಕ್’ ಅನ್ನೂ ಪ್ರಕಟಿಸಿದರು. ಎರಡನೆಯದರಲ್ಲಿ ಕಥೆ ಹೇಳುವವನು ಅಶ್ವತ್ಥಾಮ. ಮಲಗಿದ್ದವರನ್ನು ಕೊಂದು ಶಾಪಗ್ರಸ್ತನಾಗಿ ಅಲೆಯುವವನು. ಪಾಪ ಮಾಡಿದವನ ಬಾಯಿಂದಲೇ ಕಥೆಯನ್ನು ಕೇಳುವಾಗ, ತೀರ್ಪು ಕೊಡುವ ಆತುರ ನಮ್ಮಲ್ಲಿ ತಗ್ಗುತ್ತದೆ.

ಈ ಪ್ರಕಾರದ ಶಕ್ತಿಯ ಗುಟ್ಟು ಎಲ್ಲಿದೆ? ಎರಡು ಚೌಕಟ್ಟುಗಳ ನಡುವಿನ ಬರಿಯ ಜಾಗದಲ್ಲಿ ಎಂದು ನನಗೆ ತೋರುತ್ತದೆ. ಒಂದು ಚೌಕಟ್ಟಿನಲ್ಲಿ ಎತ್ತಿದ ಕತ್ತಿ. ಮುಂದಿನದರಲ್ಲಿ ಮಣ್ಣಿನಲ್ಲಿ ಉರುಳಿದ ಕಿರೀಟ. ನಡುವಿನ ಹೊಡೆತವನ್ನು ಚಿತ್ರಕಾರ ಬರೆದಿಲ್ಲ. ಅದನ್ನು ಹೊಡೆದದ್ದು ಓದುಗನ ಕಲ್ಪನೆ. ಸಿನಿಮಾ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ನಿಲ್ಲುವುದೂ ಹಿಂದಿರುಗಿ ನೋಡುವುದೂ ನಮ್ಮ ಕೈಯಲ್ಲಿದೆ. ಆದಕಾರಣ ನೋಡುವವನಿಗೂ ಆ ಕೃತ್ಯದಲ್ಲಿ ಒಂದು ಪಾಲು ಬರುತ್ತದೆ.

ಇನ್ನು ಎರಡನೆಯ ಆಕ್ಷೇಪ. ಮಸಿಯೆಲ್ಲವೂ ಕಳಂಕವಲ್ಲ. ಭರತಮುನಿಯು ರಸಗಳಿಗೆ ಬಣ್ಣಗಳನ್ನು ಹೇಳುವಾಗ ಭಯಾನಕಕ್ಕೆ ಕಪ್ಪನ್ನು, ಬೀಭತ್ಸಕ್ಕೆ ನೀಲಿಯನ್ನು, ರೌದ್ರಕ್ಕೆ ಕೆಂಪನ್ನು ಕೊಟ್ಟನು. ಅವುಗಳನ್ನು ತೆಗೆದುಹಾಕಿ ಎನ್ನಲಿಲ್ಲ. ಅದಕ್ಕಿಂತ ಮುಖ್ಯವಾಗಿ, ರೌದ್ರದಿಂದ ಕರುಣ ಹುಟ್ಟುತ್ತದೆ ಎಂದನು. ಈ ಪುಸ್ತಕಗಳನ್ನು ಅಳೆಯುವ ಒರೆಗಲ್ಲು ನಮಗೆ ಇಲ್ಲಿಯೇ ದೊರೆಯುತ್ತದೆ. ಪುಟದಲ್ಲಿ ಎಷ್ಟು ರಕ್ತವಿದೆ ಎಂದು ಕೇಳಬೇಕಾಗಿಲ್ಲ. ಆ ರಕ್ತ ಯಾರದೆಂಬ ನೋವು ಓದುಗನಿಗೆ ತಟ್ಟಿತೇ ಎಂದು ಕೇಳಬೇಕು. ರನ್ನನಲ್ಲಿ ತಟ್ಟುತ್ತದೆ, ಜನ್ನನಲ್ಲಿ ತಟ್ಟುತ್ತದೆ, ಕೈಕಾಲು ಕಳೆದುಕೊಂಡ ವಿಕ್ರಮನ ಕಥೆಯಲ್ಲಿ ತಟ್ಟುತ್ತದೆ. ಉಬ್ಬಿದ ತೋಳು, ಉರಿಯುವ ಕಣ್ಣು, ಹಾರುವ ರುಂಡ ಇಷ್ಟೇ ಇದ್ದು ಕರುಣೆಯ ಸುಳಿವಿಲ್ಲದ ಪುಸ್ತಕಗಳೂ ಬರುತ್ತಿವೆ. ಅವು ಓದುಗನನ್ನು ಬೆಚ್ಚಿಸುತ್ತವೆ, ಬೆಳೆಸುವುದಿಲ್ಲ. ಅಂಥವನ್ನು ತಿರಸ್ಕರಿಸಲು ಧರ್ಮದ ಹೆಸರು ಬೇಕಾಗಿಲ್ಲ. ಕಾವ್ಯದ ಹೆಸರೇ ಸಾಕು.

ನನ್ನ ಕಳವಳ ಬೇರೆಯದು. ನಾನು ಹೆಸರಿಸಿದ ಈ ಹೊಸ ಕೃತಿಗಳೆಲ್ಲ ಬಂದದ್ದು ಇಂಗ್ಲಿಷಿನಲ್ಲಿ. ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲೆ ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾಗಲು ಕಾರಣ, ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದದ್ದು ಎಂದು ಬೆಂಗಳೂರಿನ ಪುಸ್ತಕೋದ್ಯಮಿ ಜಿ. ಕೆ. ಅನಂತರಾಮ್ ಹೇಳಿದ್ದುಂಟು. ಹಾಗೆ ಮುಂದೆ ನಡೆದ ಭಾಷೆ ಇಂದು ಹಿಂದೆ ಉಳಿಯಬೇಕೇ? ತಿರುಮಣಿಯ ಹುಡುಗನಿಗೆ ಅಶ್ವತ್ಥಾಮನ ರಾತ್ರಿ ಇಂಗ್ಲಿಷಿನಲ್ಲಿ ಮಾತ್ರ ದೊರೆತು, ರನ್ನನ ರಣಭೂಮಿ ಪರೀಕ್ಷೆಯ ಪದ್ಯವಾಗಿ ಮಾತ್ರ ಉಳಿದರೆ, ಕಳೆದುಕೊಳ್ಳುವವರು ನಾವೇ. ದುರ್ಯೋಧನನ ಆ ನಡಿಗೆ, ಮಾರಿದತ್ತನ ಆ ಬಲಿಪೀಠ ಚಿತ್ರಕ್ಕಾಗಿ ಹೇಳಿಮಾಡಿಸಿದಂತಿವೆ. ಹಳಗನ್ನಡ ಬಲ್ಲ ಅಧ್ಯಾಪಕನೊಬ್ಬ, ಕುಂಚ ಬಲ್ಲ ತರುಣನೊಬ್ಬ, ನಷ್ಟಕ್ಕೆ ಅಂಜದ ಪ್ರಕಾಶಕನೊಬ್ಬ, ಈ ಮೂವರು ಒಂದೆಡೆ ಕುಳಿತರೆ ಕೆಲಸ ಆರಂಭವಾಗುತ್ತದೆ. ತರುಣರ ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳುವುದಕ್ಕಿಂತ, ಅದಕ್ಕಿಂತ ಮೇಲಾದ ಕನ್ನಡ ಪುಸ್ತಕವೊಂದನ್ನು ಅವರ ಕೈಗಿಡುವುದು ಹಿರಿಯರಿಗೆ ಒಪ್ಪುವ ಮಾತು.